ಸ್ವಂತ ಲಾರಿ ಕೊಳ್ಳುವ ಚಾಲಕನಿಗೆ: ಹತ್ತು ಚಕ್ರವೋ, ಹನ್ನೆರಡು ಚಕ್ರವೋ, ಟ್ರೈಲರೋ?

ಸ್ವಂತ ಗಾಡಿ ಮಾಡಿಕೊಳ್ಳಬೇಕೆಂದು ಹೊರಟ ಚಾಲಕರು ನನ್ನನ್ನು ಮೊದಲು ಕೇಳುವುದು ಕಂಪನಿಯ ಹೆಸರು. ಟಾಟಾ ತೆಗೆದುಕೊಳ್ಳಲೇ, ಅಶೋಕ್ ಲೇಲ್ಯಾಂಡ್ ನೋಡಲೇ, ಭಾರತ್‌ಬೆಂಜ್ ಹೇಗೆ? ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ವಾಪಸ್ ಬರುವಾಗ ಏನು ಹೇರಿಕೊಂಡು ಬರುತ್ತೀರಿ? ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ. ಹೋಗುವ ಲೋಡಿನ ಬಾಡಿಗೆ ಅವರಿಗೆ ಬಾಯಿಪಾಠ. ಬರುವ ಲೋಡಿನ ಬಗ್ಗೆ ಯೋಚಿಸಿರುವುದಿಲ್ಲ. ಹದಿನಾರು ವರ್ಷ ಬೇರೆಯವರ ಗಾಡಿ ಓಡಿಸಿ, ಆಮೇಲೆ ಸ್ವಂತದ್ದು ಮಾಡಿಕೊಂಡ ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟು: ಒಂದೇ ಲಾರಿ ಇಟ್ಟುಕೊಂಡವನನ್ನು ಉಳಿಸುವುದೂ ಮುಳುಗಿಸುವುದೂ ವಾಪಸ್ ದಾರಿ. ಎಷ್ಟು ಚಕ್ರದ ಗಾಡಿ ಬೇಕು ಎಂಬುದನ್ನು ಆ ದಾರಿಯೇ ಹೇಳಬೇಕು.

ಹತ್ತು ಗಾಡಿ ಇರುವ ಸಾಹುಕಾರನ ಲೆಕ್ಕ ಬೇರೆ. ಅವನ ಒಂದು ಗಾಡಿ ನಿಂತರೆ ಉಳಿದ ಒಂಬತ್ತು ಓಡುತ್ತವೆ. ಒಂದೇ ಗಾಡಿ ಇರುವವನದು ನಿಂತರೆ ಮನೆಯ ಒಲೆಗೇ ತಟ್ಟುತ್ತದೆ. ಶೇ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ₹30 ಲಕ್ಷ ಸಾಲ ಎತ್ತಿದರೆ ತಿಂಗಳ ಕಂತು ಸುಮಾರು ₹65,200. ಗಾಡಿ ಓಡಲಿ, ನಿಲ್ಲಲಿ, ದಿನಕ್ಕೆ ₹2,170 ಕೈಬಿಟ್ಟು ಹೋಗುತ್ತದೆ. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಹೆಸರಿನಲ್ಲೇ ಇರುವ ತೂಕ

ನಮ್ಮ ದೇಶದ ಭಾರೀ ಲಾರಿಗಳ ಮೇಲೆ ಬರೆದಿರುವ ನಾಲ್ಕು ಅಂಕಿಗಳನ್ನು ಓದಲು ಕಲಿತರೆ ಅರ್ಧ ಹೋಲಿಕೆ ಮುಗಿದಂತೆ. ಮೊದಲ ಎರಡು ಅಂಕಿ ಲೋಡೂ ಗಾಡಿಯೂ ಸೇರಿದ ಒಟ್ಟು ತೂಕ, ಟನ್ನಿನಲ್ಲಿ. ಕೊನೆಯ ಎರಡು ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಹೆಚ್ಚುಕಡಿಮೆ ಎಂಜಿನ್ನಿನ ಅಶ್ವಶಕ್ತಿ. 2823 ಎಂದರೆ 28 ಟನ್, 230 ಅಶ್ವಶಕ್ತಿಯ ಆಸುಪಾಸು. 3518 ಎಂದರೆ 35 ಟನ್, 180 ಅಶ್ವಶಕ್ತಿ. ಮೊದಲನೆಯದರಲ್ಲಿ ಟನ್ನಿಗೆ ಎಂಟು ಅಶ್ವಶಕ್ತಿ ಸಿಗುತ್ತದೆ, ಎರಡನೆಯದರಲ್ಲಿ ಐದು. ಚಿತ್ರದುರ್ಗದಿಂದ ಹುಬ್ಬಳ್ಳಿಯವರೆಗಿನ ಬಯಲು ಹೆದ್ದಾರಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಮಂಗಳೂರಿನಿಂದ ಪೂರ್ತಿ ಲೋಡು ಹೊತ್ತು ಶಿರಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ನಿಮಗೇ ತಿಳಿಯುತ್ತದೆ.

ಈ ತೂಕಗಳು ಎಲ್ಲಿಂದ ಬಂದವು ಎಂಬುದೂ ತಿಳಿದಿರಲಿ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಡ್ಡ ಅಚ್ಚು) ತೂಕದ ಮಿತಿಯನ್ನು ಏರಿಸಿತು. ಎರಡು ಟೈರಿನ ಮುಂದಿನ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 11.5, ಜೋಡಿ ಆಕ್ಸಲ್‌ಗೆ 21, ಟ್ರೈಲರಿನ ಮೂರು ಆಕ್ಸಲ್‌ಗಳಿಗೆ ಒಟ್ಟು 27. ಕೂಡಿಸುತ್ತಾ ಹೋಗಿ. ಆರು ಚಕ್ರದ ಲಾರಿ 18.5 ಟನ್. ನಮ್ಮ ಕಡೆ ಟಾರಸ್ ಎಂದೇ ಕರೆಯುವ ಹತ್ತು ಚಕ್ರದ್ದು 28. ಮುಂದೆ ಎರಡು ಆಕ್ಸಲ್ ಇರುವ ಹನ್ನೆರಡು ಚಕ್ರದ್ದು 35. ಟ್ರೈಲರ್ ಎಳೆಯುವ ಮುಂಭಾಗದ ಗಾಡಿಯಾದ ಆರು ಚಕ್ರದ ಪ್ರೈಮ್ ಮೂವರ್‌ಗೆ ಮೂರು ಆಕ್ಸಲಿನ ಟ್ರೈಲರ್ ಕಟ್ಟಿದರೆ 45.5. ಹತ್ತು ಚಕ್ರದ ಪ್ರೈಮ್ ಮೂವರ್‌ಗೆ ಅದನ್ನೇ ಕಟ್ಟಿದರೆ 55. ನಡುವೆ 42 ಮತ್ತು 48 ಟನ್ನಿನ ಹದಿನಾಲ್ಕು, ಹದಿನಾರು ಚಕ್ರದ ಲಾರಿಗಳೂ ಇವೆ. ಮೊದಲ ಗಾಡಿಯಾಗಿ ಅವನ್ನು ನಾನು ಯಾರಿಗೂ ಹೇಳುವುದಿಲ್ಲ.

ಗಾಡಿಯ ಸ್ವಂತ ತೂಕ ಕಳೆದರೆ ಕೈಗೆ ಸಿಗುವ ಲೋಡು ಆರು ಚಕ್ರಕ್ಕೆ 11ರಿಂದ 12 ಟನ್, ಹತ್ತು ಚಕ್ರಕ್ಕೆ 19ರ ಆಸುಪಾಸು, ಹನ್ನೆರಡಕ್ಕೆ 24-25, ಐವತ್ತೈದು ಟನ್ನಿನ ಟ್ರೈಲರಿಗೆ 38ರ ಹತ್ತಿರ. ಬಾಡಿ ಹೇಗೆ ಕಟ್ಟಿಸಿದ್ದೀರಿ ಎಂಬುದರ ಮೇಲೆ ಒಂದು ಟನ್ ಆಚೀಚೆ ಆಗುತ್ತದೆ. ಇದಕ್ಕಿಂತ ಹೆಚ್ಚು ಹೇರಿ ಬಾಡಿಗೆ ಮಾಡೋಣ ಎಂಬ ಲೆಕ್ಕ ಹಾಕಲೇಬೇಡಿ. 2019ರ ತಿದ್ದುಪಡಿಯ ನಂತರ ಹೆಚ್ಚುವರಿ ಲೋಡಿಗೆ ದಂಡ ₹20,000, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000. ಜೊತೆಗೆ ಆ ಲೋಡನ್ನು ಅಲ್ಲೇ ಇಳಿಸಿ ಮುಂದೆ ಹೋಗಬೇಕು.

ಡೀಸೆಲ್, ಟೋಲ್: ಎರಡು ಕಡೆಯ ಲೆಕ್ಕ

ಲೀಟರ್ ಡೀಸೆಲ್‌ಗೆ ₹91 ಎಂದು ಹಿಡಿಯೋಣ. ಪೂರ್ತಿ ಲೋಡಿನಲ್ಲಿ ಆರು ಚಕ್ರ 5.5 ಕಿಲೋಮೀಟರ್, ಹತ್ತು ಚಕ್ರ 4, ಹನ್ನೆರಡು 3.5, ದೊಡ್ಡ ಟ್ರೈಲರ್ 2.75 ಕೊಡುತ್ತವೆ ಎಂದುಕೊಳ್ಳಿ. ನಿಮ್ಮ ದಾರಿ, ನಿಮ್ಮ ಕಾಲು ಇವನ್ನು ಬದಲಿಸಬಹುದು, ಆದರೆ ಹೋಲಿಕೆಗೆ ಸಾಕು. ಒಂದು ಟನ್ನನ್ನು ಒಂದು ಕಿಲೋಮೀಟರ್ ಸಾಗಿಸಲು ಡೀಸೆಲ್ ಖರ್ಚು ಆರು ಚಕ್ರದಲ್ಲಿ ₹1.44, ಹತ್ತರಲ್ಲಿ ₹1.20, ಹನ್ನೆರಡರಲ್ಲಿ ₹1.04, ಟ್ರೈಲರಿನಲ್ಲಿ 87 ಪೈಸೆ. ಷೋರೂಮಿನವರು ತೋರಿಸುವುದು ಇದೇ ಲೆಕ್ಕ. ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಉಳಿದ ಅರ್ಧ ಇಲ್ಲಿದೆ. ಅದೇ ಟ್ರೈಲರ್ 500 ಕಿಲೋಮೀಟರ್ ಲೋಡಿನಲ್ಲಿ ಹೋಗಿ, ಲೀಟರಿಗೆ 4.5ರಂತೆ ಖಾಲಿ ವಾಪಸ್ ಬಂದಿತು ಎನ್ನಿ. ಎರಡೂ ಕಡೆಯ ಡೀಸೆಲ್ ಸೇರಿ ಸುಮಾರು ₹26,650. ಹೋಗುವಾಗಿನ 38 ಟನ್ನಿನ ಮೇಲೆಯೇ ಅದನ್ನೆಲ್ಲ ಹೇರಿದರೆ ಟನ್ ಕಿಲೋಮೀಟರಿಗೆ ₹1.40. ಹೋಗುವಾಗಲೂ ಬರುವಾಗಲೂ ತುಂಬಿಕೊಂಡು ಓಡಿದ ಹತ್ತು ಚಕ್ರದ ಗಾಡಿ ₹1.20ರಲ್ಲೇ ಇದೆ. ದೊಡ್ಡ ಗಾಡಿಯ ಲಾಭವನ್ನೆಲ್ಲ ಖಾಲಿ ದಾರಿ ತಿಂದು, ಮೇಲೆ ಇಪ್ಪತ್ತು ಪೈಸೆ ಸಾಲ ಇಟ್ಟಿತು. ಟೋಲ್, ಟೈರು, ಕಂತು ಇನ್ನೂ ಸೇರಿಲ್ಲ.

ಟೋಲಿನಲ್ಲಿ ಒಂದು ವಿಶೇಷವಿದೆ, ಬಹಳ ಜನ ಗಮನಿಸುವುದಿಲ್ಲ. ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮದಲ್ಲಿ ಎರಡು ಆಕ್ಸಲ್ ಒಂದು ದರ್ಜೆ, ಮೂರು ಆಕ್ಸಲ್ ಇನ್ನೊಂದು, ನಾಲ್ಕರಿಂದ ಆರು ಆಕ್ಸಲ್ ಎಲ್ಲ ಸೇರಿ ಮತ್ತೊಂದು. ಮೂಲ ದರ ಕ್ರಮವಾಗಿ ಕಿಲೋಮೀಟರಿಗೆ ₹2.20, ₹2.40, ₹3.45. ವರ್ಷ ವರ್ಷ ದರ ಏರಿದೆ, ಪ್ರಮಾಣ ಅದೇ ಉಳಿದಿದೆ. ಆರು ಚಕ್ರದಿಂದ ಹತ್ತಕ್ಕೆ ಹೋದರೆ ಟೋಲ್ ಏರುವುದು ಅತ್ಯಲ್ಪ. ಹತ್ತರಿಂದ ಹನ್ನೆರಡಕ್ಕೆ ಕಾಲಿಟ್ಟ ಕೂಡಲೇ ಶೇ 40ಕ್ಕೂ ಹೆಚ್ಚು ಏರುತ್ತದೆ. ಅಲ್ಲಿಂದ ಮುಂದೆ ಆರು ಆಕ್ಸಲಿನ ಟ್ರೈಲರಿಗೂ ಅದೇ ಟೋಲ್. ಅಂದರೆ ಟೋಲಿನ ಕಣ್ಣಿನಿಂದ ನೋಡಿದರೆ ಹತ್ತು ಚಕ್ರವೂ ಟ್ರೈಲರೂ ಲಾಭದವು, ನಡುವಿನ ಹನ್ನೆರಡು ಚಕ್ರವೇ ಪೆಟ್ಟು ತಿನ್ನುವುದು. ನೀವು ಓಡುವ ದಾರಿಯಲ್ಲಿ ಟೋಲ್ ಎಷ್ಟಿವೆ ಎಂದು ಎಣಿಸಿದ ಮೇಲೆಯೇ ಹನ್ನೆರಡು ಚಕ್ರದ ಮಾತು ಆಡಿ.

ವಿಮೆಯಲ್ಲೂ ಇಂಥದೇ ಮೆಟ್ಟಿಲು. 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ವರ್ಷದ ಕಂತು 12ರಿಂದ 20 ಟನ್ನಿಗೆ ₹35,313, 20ರಿಂದ 40ಕ್ಕೆ ₹43,950, ಅದಕ್ಕೂ ಮೇಲೆ ₹44,242. ಆದಾಯ ತೆರಿಗೆಯ ಅಂದಾಜು ವ್ಯವಸ್ಥೆ ಮಾತ್ರ ತೂಕಕ್ಕೆ ಸರಿಯಾಗಿ ಏರುತ್ತದೆ: 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ ₹1,000 ಆದಾಯವೆಂದು ಹಿಡಿಯುತ್ತಾರೆ, ಗಾಡಿ ದುಡಿದಿರಲಿ ಬಿಡಲಿ.

ನಿಮ್ಮ ಊರಿನ ಲೋಡು ಯಾವುದು?

ಹೋಲಿಕೆಯ ತಿರುಳು ಇರುವುದು ಇಲ್ಲಿ, ಷೋರೂಮಿನಲ್ಲಿ ಅಲ್ಲ.

ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್ ಹೊರಡುತ್ತದೆ. ಒಂದೊಂದು ಸುರುಳಿಯೂ ಹತ್ತಾರು ಟನ್, ಹರವಿ ಹೇರುವಂತಿಲ್ಲ. ಅದು ಟ್ರೈಲರಿನ ಲೋಡು, ಬೇರೆ ಗಾಡಿಗೆ ಅಲ್ಲಿ ಗೌರವವಿಲ್ಲ. ವಾಡಿ, ಸೇಡಂ, ಮಳಖೇಡದ ಸಿಮೆಂಟು ಚೀಲಗಳು ಹತ್ತು ಚಕ್ರದಿಂದ ಟ್ರೈಲರಿನವರೆಗೆ ಯಾವುದಕ್ಕೂ ಒಗ್ಗುತ್ತವೆ. ಆದರೆ ಇಳಿಸುವ ಜಾಗ ಸಣ್ಣ ಊರಿನ ಅಂಗಡಿಯಾದರೆ ಟ್ರೈಲರ್ ಬೀದಿಯೊಳಗೆ ತಿರುಗುವುದಿಲ್ಲ. ಗಂಗಾವತಿಯ ಅಕ್ಕಿ, ರಾಯಚೂರಿನ ಹತ್ತಿ ಇವೆರಡನ್ನೇ ನೋಡಿ. ಅಕ್ಕಿಯಲ್ಲಿ ತೂಕ ಮೊದಲು ತುಂಬುತ್ತದೆ, ಹತ್ತಿಯಲ್ಲಿ ಜಾಗ ಮೊದಲು ತುಂಬುತ್ತದೆ. ಹತ್ತಿ, ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಸಾಮಾನು ಸಾಗಿಸುವವನಿಗೆ ಟನ್ ಮುಖ್ಯವಲ್ಲ, ಬಾಡಿಯ ಉದ್ದ ಮುಖ್ಯ. ಅಂಥವನು ಹನ್ನೆರಡು ಚಕ್ರಕ್ಕೆ ಹಣ ಸುರಿದರೆ ಬಳಸದ ಶಕ್ತಿಗೆ ಕಂತು ಕಟ್ಟಿದಂತೆ. ಉದ್ದ ಬಾಡಿಯ ಹಗುರ ಗಾಡಿ ಅವನಿಗೆ ಸರಿ.

ಕೋಲಾರದ ಟೊಮೆಟೊ ಬೇರೆಯೇ ಜಾತಿ. ಅಲ್ಲಿ ಬಾಡಿಗೆ ಸಿಗುವುದು ಹೊತ್ತಿಗೆ ಸರಿಯಾಗಿ ಮಂಡಿ ಮುಟ್ಟಿಸಿದ್ದಕ್ಕೆ. ನಿಧಾನವಾಗಿ ಏರುವ 180 ಅಶ್ವಶಕ್ತಿಯ ಭಾರದ ಗಾಡಿಗಿಂತ ಚುರುಕಾದ ಆರು ಅಥವಾ ಹತ್ತು ಚಕ್ರದ್ದು ಮೇಲು. ದೆಹಲಿಗೆ ಹೋಗುವವರಾದರೆ ಇನ್ನೊಂದು ಸಂಗತಿ ಸೇರಿಸಿಕೊಳ್ಳಿ: 2025ರ ನವೆಂಬರ್‌ 1ರಿಂದ ಹೊರರಾಜ್ಯದಲ್ಲಿ ನೋಂದಣಿಯಾದ ಹಳೆಯ ಸರಕು ಗಾಡಿಗಳಿಗೆ ದೆಹಲಿ ಪ್ರವೇಶವಿಲ್ಲ, ಬಿಎಸ್-4 (ಹೊಗೆ ಮಿತಿಯ ಹಿಂದಿನ ದರ್ಜೆ) ಡೀಸೆಲ್ ಗಾಡಿಗಳಿಗೆ ಕೊಟ್ಟ ಅವಕಾಶ 2026ರ ಅಕ್ಟೋಬರ್ 31ರವರೆಗೆ ಮಾತ್ರ.

ಕರಾವಳಿಯ ದಾರಿ ಹಿಡಿಯುವವರು ಘಾಟಿಯನ್ನು ಕೇಳಿಯೇ ಗಾಡಿ ಕೊಳ್ಳಬೇಕು. ಆಗುಂಬೆಯಲ್ಲಿ ಭಾರೀ ವಾಹನಗಳಿಗೆ ಅವಕಾಶವಿಲ್ಲ. ಶಿರಾಡಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದನ್ನು 2018ರಲ್ಲೂ 2024ರಲ್ಲೂ ನೋಡಿದ್ದೇವೆ. ಆಗ ಸಣ್ಣ ಗಾಡಿಗೆ ಸುತ್ತು ದಾರಿಯಾದರೂ ಸಿಗುತ್ತದೆ, ಟ್ರೈಲರ್ ಸಕಲೇಶಪುರದಲ್ಲೇ ಸಾಲಿನಲ್ಲಿ ನಿಲ್ಲುತ್ತದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಅರಬೈಲು ಘಾಟಿಯಲ್ಲಿ ಬ್ರೇಕ್ ಕಾಯಿಸಿಕೊಂಡವರ ಕಥೆ ಎಲ್ಲ ಚಾಲಕರಿಗೂ ಗೊತ್ತು. ಘಾಟಿಯ ದಾರಿಗೆ ಗಾಡಿ ಕೊಳ್ಳುವಾಗ ಎಂಜಿನ್ ಬ್ರೇಕ್ ಹೇಗಿದೆ, ಹಿಂದಿನ ಆಕ್ಸಲಿನ ಗೇರ್ ಅನುಪಾತ ಏರಿಗೆ ಹೊಂದುತ್ತದೆಯೇ ಎಂದು ಕೇಳಿ. ಒಂದೇ ಮಾದರಿಯಲ್ಲಿ ಬಯಲು ದಾರಿಗೆ ಒಂದು ಅನುಪಾತ, ಏರು ದಾರಿಗೆ ಒಂದು ಅನುಪಾತ ಇರುತ್ತದೆ. ಕೇಳದಿದ್ದರೆ ಯಾರ್ಡಿನಲ್ಲಿ ನಿಂತಿರುವುದನ್ನೇ ಕೊಟ್ಟು ಕಳಿಸುತ್ತಾರೆ.

ಒಂದೇ ಲೋಡಿಗೆ ಗಾಡಿಯನ್ನು ಕಟ್ಟಿಹಾಕುವ ಅಪಾಯವನ್ನು ನಮ್ಮ ರಾಜ್ಯಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ. ಅದಿರಿನ ಬಾಡಿಗೆ ಏರಿದ್ದ ಕಾಲದಲ್ಲಿ ಸಂಡೂರು, ಹೊಸಪೇಟೆಯ ಸುತ್ತ ಹೊಲ ಅಡವಿಟ್ಟು ಲಾರಿ ಕೊಂಡವರಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮರುತಿಂಗಳು ಚಿತ್ರದುರ್ಗ, ತುಮಕೂರಿನದೂ ನಿಂತಿತು. ರಸ್ತೆಬದಿಯಲ್ಲಿ ಸಾಲುಸಾಲಾಗಿ ಗಾಡಿಗಳು ನಿಂತವು. ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ತೆರೆದ ಬಾಡಿಯ ಗಾಡಿ ಇದ್ದವರು ಮೆಕ್ಕೆಜೋಳವನ್ನೋ ಈರುಳ್ಳಿಯನ್ನೋ ಹೇರಿ ಹೇಗೋ ದಾಟಿದರು. ಟಿಪ್ಪರ್ ಇದ್ದವರಿಗೆ ಆ ದಾರಿಯೂ ಇರಲಿಲ್ಲ. ಮೊದಲ ಗಾಡಿ ಟಿಪ್ಪರ್ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಟ್ರೈಲರ್: ಯಾರಿಗೆ, ಯಾವಾಗ

ಟ್ರೈಲರಿನ ಮೇಲೆ ನನಗೆ ಮುನಿಸಿಲ್ಲ. ಒಳ್ಳೆಯ ಲೋಡು ಸಿಕ್ಕರೆ ಅದರಷ್ಟು ದುಡಿಯುವ ಗಾಡಿ ಮತ್ತೊಂದಿಲ್ಲ. ಮುಂಭಾಗ ಕೆಟ್ಟರೆ ಬೇರೆ ಪ್ರೈಮ್ ಮೂವರ್ ತಂದು ಅದೇ ಹಿಂಬಂಡಿಯನ್ನು ಎಳೆಸಬಹುದು. ಲೋಡು ಇಳಿಯುವವರೆಗೆ ಟ್ರೈಲರನ್ನು ಬಿಟ್ಟು ಮತ್ತೊಂದನ್ನು ಕಟ್ಟಿಕೊಂಡು ಹೊರಡಬಹುದು. ಆದರೆ ಈ ಎರಡನೆಯ ಅನುಕೂಲ ಎರಡು ಟ್ರೈಲರ್ ಇದ್ದವನದು. ಒಂದು ಗಾಡಿಯವನಿಗೆ ಅದು ಕಾಗದದ ಮೇಲಿನ ಲಾಭ.

ಖರ್ಚು ಮಾತ್ರ ಎರಡರಷ್ಟು ಕಣ್ಣಿಗೆ ಕಾಣುತ್ತದೆ. ಟ್ರೈಲರಿಗೆ ಬೇರೆ ನೋಂದಣಿ, ಬೇರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಬೇರೆ ವಿಮೆ. 55 ಟನ್ನಿನ ಜೋಡಿಗೆ ನೆಲ ಮುಟ್ಟುವ ಟೈರುಗಳು 22. ರಿವರ್ಸ್ ತೆಗೆಯುವಾಗ ಸ್ಟೀರಿಂಗ್ ತಿರುಗಿಸಿದ ದಿಕ್ಕಿಗೆ ಎದುರಾಗಿ ಹಿಂಬಂಡಿ ಹೋಗುತ್ತದೆ, ಹಾಗಾಗಿ ಕ್ಲೀನರ್ ಇಲ್ಲದೆ ನಡೆಯದು, ಅವನ ಬತ್ತಾ ಬೇರೆ. ಒಬ್ಬನೇ ಓಡಿಸಿ ಕ್ಲೀನರ್ ಸಂಬಳ ಉಳಿಸುತ್ತೇನೆ ಎಂಬ ಲೆಕ್ಕದಲ್ಲಿ ಗಾಡಿ ಕೊಳ್ಳುವವರು ಹತ್ತು ಚಕ್ರದಲ್ಲೇ ಇರಲಿ.

ನನ್ನ ಭಾವ ಟ್ರೈಲರ್ ಕೊಂಡದ್ದು ಒಂದು ಸಾಗಣೆ ಕಂಪನಿಯ ಮಾತು ನಂಬಿ. ತಿಂಗಳಿಗೆ ಎಂಟು ಟ್ರಿಪ್ ಕೊಡುತ್ತೇವೆ ಎಂದಿದ್ದರು, ಕಾಗದದಲ್ಲಿ ಏನೂ ಇರಲಿಲ್ಲ. ಮೊದಲ ವರ್ಷ ಕೊಟ್ಟರು. ಎರಡನೇ ವರ್ಷ ತಮ್ಮದೇ ಗಾಡಿಗಳನ್ನು ತಂದುಕೊಂಡ ಮೇಲೆ ಭಾವನಿಗೆ ನಾಲ್ಕು ಟ್ರಿಪ್ ಸಿಕ್ಕಿದರೆ ಹೆಚ್ಚು. ಮಾರುಕಟ್ಟೆಯ ಬಿಡಿ ಲೋಡಿಗೆ ಹೋಗೋಣವೆಂದರೆ ಮಂಡಿಯಲ್ಲಿ 20 ಟನ್ನಿನ ಲೋಡೇ ಹೆಚ್ಚು. ಅದನ್ನು ಟ್ರೈಲರಿನಲ್ಲಿ ಹೇರಿದರೆ ಟನ್ ಕಿಲೋಮೀಟರಿಗೆ ಡೀಸೆಲ್ಲೇ ₹1.40 ದಾಟುತ್ತಿತ್ತು. ಮೂರನೇ ವರ್ಷ ನಷ್ಟದಲ್ಲಿ ಮಾರಿದ. ಅವನು ಒಳ್ಳೆಯ ಚಾಲಕ, ಎಂಜಿನ್ನಿನ ಸದ್ದಿನಲ್ಲೇ ರೋಗ ಹೇಳುವವನು. ಅವನಿಗೆ ಬೇಕಿದ್ದುದು ಬರವಣಿಗೆಯಲ್ಲಿ ಕೊಟ್ಟ ಕರಾರು.

ಆದ್ದರಿಂದ ಟ್ರೈಲರಿಗೆ ನನ್ನ ಷರತ್ತು ಇಷ್ಟು. ಕಾಯಿಲ್ ಅಥವಾ ಬಂದರಿನ ಕಂಟೇನರ್‌ನಂಥ ಕಾಯಂ ಲೋಡು ಇರಬೇಕು, ಕರಾರು ಬರವಣಿಗೆಯಲ್ಲಿರಬೇಕು, ಅದರ ಅವಧಿ ಸಾಲದ ಅವಧಿಯ ಅರ್ಧವಾದರೂ ಇರಬೇಕು. ನವಮಂಗಳೂರು ಬಂದರಿನ ಅಥವಾ ವೈಟ್‌ಫೀಲ್ಡ್ ಡಿಪೊದ ಕಂಟೇನರ್ ಕೆಲಸದಲ್ಲಿ ಖಾಲಿ ಡಬ್ಬಿಯನ್ನು ವಾಪಸ್ ಮುಟ್ಟಿಸುವುದೂ ಬಾಡಿಗೆಯೊಳಗೇ ಸೇರಿರುತ್ತದೆ. ಖಾಲಿ ದಾರಿಗೆ ಅಲ್ಲಿ ಬೆಲೆ ಕಟ್ಟಿದ್ದಾರೆ ಎಂಬುದೇ ಆ ಕೆಲಸದ ಗುಣ.

ಹೊಸದೋ, ಹಳೆಯದೋ

2025ರ ಸೆಪ್ಟೆಂಬರ್ 22ರಿಂದ ಸರಕು ಲಾರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸ ಗಾಡಿಯ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಲೇಬೇಕು. ಇಳಿಸದ ದಲ್ಲಾಳಿಯ ಮುಂದೆ ಈ ಮಾತು ಎತ್ತಿ. ಆ ವರ್ಷದ ಅಕ್ಟೋಬರ್ 1ರಿಂದ ತಯಾರಾಗುವ ಭಾರೀ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ. ಇದನ್ನು ಐಷಾರಾಮ ಎನ್ನುವವರು ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ದಾರಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎಂಜಿನ್ ಪಕ್ಕ ಕೂತವರಲ್ಲ.

ಹಳೆಯ ಗಾಡಿಯಲ್ಲಿ ಎಲ್ಲಕ್ಕಿಂತ ಮೊದಲು ವಯಸ್ಸು ನೋಡಿ. ರಾಷ್ಟ್ರೀಯ ಪರವಾನಗಿ ಎರಡು ಆಕ್ಸಲಿನ ಲಾರಿಗೆ 12 ವರ್ಷದವರೆಗೆ, ಅದಕ್ಕಿಂತ ಹೆಚ್ಚು ಆಕ್ಸಲ್ ಇದ್ದರೆ 15 ವರ್ಷದವರೆಗೆ. ಎಂಟು ವರ್ಷದ ಆರು ಚಕ್ರ ಕೊಂಡರೆ ಹೊರರಾಜ್ಯಕ್ಕೆ ಓಡಿಸಲು ನಾಲ್ಕೇ ವರ್ಷ ಉಳಿದಿದೆ. ಅದೇ ವಯಸ್ಸಿನ ಹತ್ತು ಚಕ್ರಕ್ಕೆ ಏಳು. ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು ಎಂಬುದನ್ನೂ ಸೇರಿಸಿಕೊಳ್ಳಿ.

2020ರ ಏಪ್ರಿಲ್ ನಂತರದ ಬಿಎಸ್-6 ಎಂಜಿನ್ನುಗಳು ಡೀಸೆಲ್ ಉಳಿಸುತ್ತವೆ, ಆದರೆ ಶಿಸ್ತು ಕೇಳುತ್ತವೆ. ನೂರು ಲೀಟರ್ ಡೀಸೆಲ್‌ಗೆ ಸುಮಾರು ನಾಲ್ಕೈದು ಲೀಟರ್ ಡಿಇಎಫ್ (ಹೊಗೆಯ ವಿಷ ಇಳಿಸಲು ಬೇರೆ ಟ್ಯಾಂಕಿಗೆ ಹಾಕುವ ದ್ರವ) ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕಲಬೆರಕೆ ಹಾಕಿದರೆ ಎಂಜಿನ್ ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುದ್ಧ ಮಾಡಿಕೊಳ್ಳಲು ಹೆದ್ದಾರಿಯ ಓಟ ಬೇಕು. ಊರೊಳಗೆ ನಿಂತು ನಿಂತು ಓಡುವ ಕೆಲಸಕ್ಕೆ ಹಳೆಯ ಬಿಎಸ್-4 ಕಡಿಮೆ ತಲೆನೋವು, ಹೆದ್ದಾರಿಗೆ ಬಿಎಸ್-6 ಮೇಲು. ನಾನಾದರೆ ನಾಲ್ಕೈದು ವರ್ಷದ, ಒಬ್ಬನೇ ಮಾಲೀಕನ ಕೈಯಲ್ಲಿದ್ದ ಬಿಎಸ್-6 ಹತ್ತು ಚಕ್ರ ಹುಡುಕುತ್ತೇನೆ. ಚಾಸಿಯ ಉದ್ದಕ್ಕೂ ಬಗ್ಗಿ ಬೆಸುಗೆಯ ಗುರುತು ನೋಡಿ, ಬೆಳಗಿನ ತಣ್ಣನೆಯ ಎಂಜಿನ್ ನಿಮ್ಮೆದುರೇ ಚಾಲು ಮಾಡಿಸಿ. ಸಾಲ ಬಾಕಿಯಿಲ್ಲ ಎಂಬ ಫೈನಾನ್ಸಿನ ಎನ್‌ಒಸಿ ಕೈಗೆ ಬಂದು, ಬಾಕಿ ತೆರಿಗೆ, ದಂಡ ಎಲ್ಲ ತೀರಿದ ಮೇಲೆಯೇ ಪೂರ್ತಿ ಹಣ.

ಇನ್ನು ಕಂಪನಿಯ ಹೆಸರು. ಈ ಮೂರೂ ಕಂಪನಿಗಳು ಓಡುವ ಗಾಡಿಗಳನ್ನೇ ಮಾಡುತ್ತವೆ. ನಿಮ್ಮ ದಾರಿಯ ನಡುವಿನ ಊರುಗಳಲ್ಲಿ, ಹಿರಿಯೂರಿನಲ್ಲೋ ಹುಬ್ಬಳ್ಳಿಯಲ್ಲೋ ನೆಲಮಂಗಲದಲ್ಲೋ, ರಾತ್ರಿ ಹತ್ತಕ್ಕೆ ಕ್ಲಚ್ ಪ್ಲೇಟು ಯಾವ ಕಂಪನಿಯದು ಸಿಗುತ್ತದೆ ಎಂದು ವಿಚಾರಿಸಿ, ಅದನ್ನೇ ತೆಗೆದುಕೊಳ್ಳಿ.

ಮುಂಗಡ ಕೊಡುವ ಮೊದಲು ಒಂದು ತಿಂಗಳು ನೀವು ಅಂದುಕೊಂಡ ದಾರಿಯಲ್ಲೇ ಬೇರೆಯವರ ಗಾಡಿಗೆ ಚಾಲಕರಾಗಿ ಹೋಗಿ. ಪ್ರತಿ ಟ್ರಿಪ್ಪಿನಲ್ಲಿ ವಾಪಸ್ ಲೋಡಿಗೆ ಎಷ್ಟು ದಿನ ಕಾದಿರಿ, ಎಷ್ಟು ಟನ್ ಸಿಕ್ಕಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಿಕ್ಕಿದ್ದೆಲ್ಲ 20 ಟನ್ನಿನೊಳಗಿದ್ದರೆ ಹತ್ತು ಚಕ್ರವನ್ನೇ ಕೊಳ್ಳಿ. ಎರಡೂ ಕಡೆ 25 ಟನ್ ಸಲೀಸಾಗಿ ಸಿಗುತ್ತಿದ್ದರೆ ಟೋಲ್ ಕಳೆದು ಹನ್ನೆರಡರ ಲೆಕ್ಕ ಹಾಕಿ. ಹನ್ನೆರಡು ಕೊಂಡರೆ ಲಿಫ್ಟ್ ಆಕ್ಸಲ್ ಇರುವುದನ್ನು ನೋಡಿ, ಖಾಲಿ ಬರುವಾಗ ಟೈರನ್ನು ಮೇಲೆತ್ತಿಕೊಂಡು ಸವೆತ ಉಳಿಸಬಹುದು. ಚಾಸಿ ಕೊಂಡು ನಾಮಕ್ಕಲ್‌ನಲ್ಲೋ ಸಂಕಗಿರಿಯಲ್ಲೋ ಬಾಡಿ ಕಟ್ಟಿಸುವವರು ಬಾಡಿಯ ತೂಕವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಗಾಡಿ ಹೊರಬಂದ ದಿನ ಕೊನೆಯ ಕಂತು ಕೊಡುವ ಮೊದಲು ತೂಕದ ಕಾಟಾ ಮೇಲೆ ನಿಲ್ಲಿಸಿ. ಬಾಡಿ 500 ಕಿಲೋ ಹೆಚ್ಚು ಬಂದರೆ ಪ್ರತಿ ಟ್ರಿಪ್ಪಿನಲ್ಲೂ ಹತ್ತು ಅಕ್ಕಿ ಮೂಟೆಯ ಬಾಡಿಗೆ ನಿಮ್ಮದಲ್ಲ.